ವಿಯೆನ್ನಾದ ಒಂಬತ್ತನೇ ಬಡಾವಣೆಯಲ್ಲಿ

ವಿಯೆನ್ನಾಕ್ಕೆ ಹೋಗಿ ಬಂದೆವು ಎಂದರೆ ನಮ್ಮ ಸಂಘದ ಗೆಳೆಯರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಮೊಜಾರ್ಟ್ ಸಂಗೀತ ಕೇಳಿದಿರಾ? ಊಟಕ್ಕೇನು ಮಾಡಿದಿರಿ? ಮೊದಲನೆಯದಕ್ಕೆ ನನ್ನ ಶ್ರೀಮತಿ ಉತ್ತರ ಹೇಳುತ್ತಾಳೆ. ಎರಡನೆಯದಕ್ಕೆ ನಾನೇ ಹೇಳಬಲ್ಲೆ: ಇಂಗ್ಲೆಂಡಿನಿಂದ ಕಟ್ಟಿಕೊಂಡು ಹೋಗಿದ್ದ ಚಪಾತಿ ಚಟ್ನಿಪುಡಿ ಮೊದಲ ದಿನಕ್ಕಾಯಿತು, ಆಮೇಲೆ ಬ್ರೆಡ್ಡು, ಆಲೂಗಡ್ಡೆ ಮತ್ತು ಸೇಬು ತುಂಬಿದ ಸ್ಟ್ರೂಡಲ್ ನಮ್ಮನ್ನು ಕಾಪಾಡಿದವು.

2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಮಧುಮೇಹದ ಬಗ್ಗೆ ಎರಡು ದಿನದ ಒಂದು ಸಮ್ಮೇಳನವಿತ್ತು. ಅದು ಮುಗಿದ ಮೇಲೆ ಮೂರು ದಿನ ರಜೆ ಹಾಕಿದ್ದೆ. ಅರಮನೆಗಳನ್ನು ನೋಡಲು ಒಂದೇ ದಿನ, ಉಳಿದದ್ದು ನನಗೆ ಬಿಟ್ಟುಬಿಡು ಎಂದು ಮೊದಲೇ ಒಪ್ಪಂದವಾಗಿತ್ತು. ನನಗೆ ನೋಡಬೇಕಾಗಿದ್ದುದು ಊರಿನ ಒಂಬತ್ತನೇ ಬಡಾವಣೆ, ಆಲ್ಸರ್‌ಗ್ರುಂಡ್. ನಮ್ಮ ಬೆಂಗಳೂರಿನ ಜಯನಗರಕ್ಕೆ ಬ್ಲಾಕುಗಳಿರುವ ಹಾಗೆ ವಿಯೆನ್ನಾಕ್ಕೂ ನಂಬರು ಹಾಕಿದ ಬಡಾವಣೆಗಳಿವೆ. ಈ ಒಂಬತ್ತನೆಯದು ಆಸ್ಪತ್ರೆಗಳ ಬಡಾವಣೆ. ಮನುಷ್ಯನ ಮನಸ್ಸಿನ ಬಗ್ಗೆ ಇಪ್ಪತ್ತನೇ ಶತಮಾನ ಆಡಿದ ಮಾತುಗಳಲ್ಲಿ ಬಹಳಷ್ಟು ಇಲ್ಲಿನ ನಾಲ್ಕೈದು ಬೀದಿಗಳಲ್ಲಿ ಹುಟ್ಟಿದವು.

ನಾನು ಮನೋವೈದ್ಯನಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಜನರಲ್ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡಿದವನು. ಎಂ.ಬಿ.ಬಿ.ಎಸ್.ನಲ್ಲಿ ನಮಗೆ ಮನೋರೋಗ ವಿಭಾಗದಲ್ಲಿ ಎರಡು ವಾರದ ಪೋಸ್ಟಿಂಗ್ ಇತ್ತು. ಆ ಎರಡು ವಾರ ಮಧ್ಯಾಹ್ನದ ಆಟದ ಸಿನಿಮಾಕ್ಕೆ ಹೇಳಿ ಮಾಡಿಸಿದಂತಿತ್ತು. ಪರೀಕ್ಷೆಯಲ್ಲಿ ಅದರಿಂದ ಬರುತ್ತಿದ್ದುದು ಒಂದೇ ಒಂದು ಚಿಕ್ಕ ಪ್ರಶ್ನೆ.

ಮೊದಲು ಹೋದದ್ದು ನಾರೆನ್‌ಟುರ್ಮ್‌ಗೆ. ಕನ್ನಡದಲ್ಲಿ ಹೇಳುವುದಾದರೆ ಹುಚ್ಚರ ಗೋಪುರ. 1784ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ವಿಯೆನ್ನಾದ ದೊಡ್ಡಾಸ್ಪತ್ರೆಯನ್ನು ಕಟ್ಟಿಸಿದಾಗ ಅದರ ಹಿಂಭಾಗದಲ್ಲಿ ಇದನ್ನೂ ಕಟ್ಟಿಸಿದ. ಐದು ಅಂತಸ್ತಿನ ದುಂಡು ಕಟ್ಟಡ, 139 ಕೋಣೆ, ಪ್ರತಿ ಕೋಣೆಗೂ ಒಂದು ಸೀಳುಗಿಂಡಿಯಂಥ ಕಿಟಕಿ. ಮಧ್ಯೆ ತೂತಿರುವ ದುಂಡನೆಯ ಒಂದು ಕೇಕ್ ಅಲ್ಲಿ ಪ್ರಸಿದ್ಧ, ಗೂಗಲ್‌ಹುಪ್ಫ್ ಅಂತ. ವಿಯೆನ್ನಾದ ಜನ ಈ ಕಟ್ಟಡಕ್ಕೂ ಅದೇ ಹೆಸರಿಟ್ಟರು. ನಮ್ಮ ಚಿಕ್ಕಂದಿನಲ್ಲಿ ಯಾರಾದರೂ ಸ್ವಲ್ಪ ವಿಚಿತ್ರವಾಗಿ ಆಡಿದರೆ "ನಿಮ್ಹಾನ್ಸ್‌ಗೆ ಸೇರಿಸ್ಬೇಕು" ಎನ್ನುತ್ತಿರಲಿಲ್ಲವೇ, ಹಾಗೆ. ಜನರ ನಾಲಗೆ ಎಲ್ಲ ಕಡೆ ಒಂದೇ.

ಈಗ ನೋಡಿದರೆ ಜೈಲಿನ ಹಾಗಿದೆ. ಆದರೆ ಆ ಕಾಲಕ್ಕೆ ಇದು ಸುಧಾರಣೆ. ಮನಸ್ಸು ಕೆಟ್ಟವರನ್ನು ಭಿಕ್ಷುಕರ ಜೊತೆ, ಕಳ್ಳಕಾಕರ ಜೊತೆ ಕೂಡಿಹಾಕುತ್ತಿದ್ದ ದಿನಗಳಲ್ಲಿ, ಇವರು ರೋಗಿಗಳು, ಇವರಿಗೆ ಆಸ್ಪತ್ರೆಯ ಅಂಗಳದಲ್ಲೇ ಜಾಗ ಬೇಕು ಎಂದು ಒಬ್ಬ ರಾಜನಿಗೆ ಹೊಳೆದದ್ದು ಸಣ್ಣ ಮಾತಲ್ಲ. ಸರಪಳಿ ಮಾತ್ರ ಇತ್ತು. ಕೂಗಾಡುವವರನ್ನು ಗೋಡೆಗೆ ಕಟ್ಟುತ್ತಿದ್ದರು. ಅವರನ್ನು ನೋಡುತ್ತಿದ್ದರು, ಕಾಯುತ್ತಿದ್ದರು, ಲೆಕ್ಕ ಬರೆಯುತ್ತಿದ್ದರು. ಏನು ಕೂಗುತ್ತಿದ್ದಾರೆ ಎಂದು ಕೇಳಿಸಿಕೊಳ್ಳಬೇಕೆಂಬುದು ಇನ್ನೂ ಯಾರ ತಲೆಗೂ ಬಂದಿರಲಿಲ್ಲ.

ಈಗ ಅದರೊಳಗೆ ಇರುವುದು ರೋಗಶಾಸ್ತ್ರದ ಸಂಗ್ರಹಾಲಯ. ಗಾಜಿನ ಜಾಡಿಗಳಲ್ಲಿ ಅಂಗಾಂಗಗಳು, ಮೇಣದಲ್ಲಿ ಅಚ್ಚು ತೆಗೆದ ಚರ್ಮರೋಗಗಳು, ಬಾಗಿದ ಬೆನ್ನುಮೂಳೆಗಳು. ಶ್ರೀಮತಿ ಎರಡನೇ ಜಾಡಿ ನೋಡಿ "ನೀವು ನೋಡ್ಕೊಂಡು ಬನ್ನಿ, ನಾನು ಆಚೆ ಮರದ ಕೆಳಗೆ ಕೂತಿರ್ತೀನಿ" ಎಂದು ಹೊರಟುಹೋದಳು. ನನಗೋ, ತವರುಮನೆಗೆ ಬಂದಷ್ಟು ಹಾಯೆನಿಸಿತು. ಯಾವುದು ಕ್ಷಯದ ಮೂಳೆ, ಯಾವುದು ಸಿಫಿಲಿಸ್ ಎಂದು ಚೀಟಿ ನೋಡದೆ ಗುರುತಿಸುತ್ತಾ ಒಂದು ಗಂಟೆ ಕಳೆದೆ. ಇದೇ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ 1847ರಲ್ಲಿ ಸೆಮ್ಮೆಲ್‌ವೈಸ್, ವೈದ್ಯರೇ ಮೊದಲು ಕೈ ತೊಳೆಯಿರಿ ಎಂದು ಹೇಳಿ ಸಹೋದ್ಯೋಗಿಗಳ ಸಿಟ್ಟಿಗೆ ಗುರಿಯಾದದ್ದು. ಆ ಕಥೆ ಇನ್ನೊಂದು ಸಂಚಿಕೆಗಿರಲಿ.

ಅಲ್ಲಿಂದ ಬೆರ್ಗ್‌ಗಾಸೆಗೆ ಕಾಲ್ನಡಿಗೆಯ ದೂರ. ಬೆರ್ಗ್ ಎಂದರೆ ಬೆಟ್ಟ, ಗಾಸೆ ಎಂದರೆ ಬೀದಿ. ಹೆಸರಿಗೆ ತಕ್ಕಂತೆ ಇಳಿಜಾರು. 19ನೇ ನಂಬರಿನ ಮನೆಯಲ್ಲಿ ಸಿಗ್ಮಂಡ್ ಫ್ರಾಯ್ಡ್ 1891ರಿಂದ 1938ರವರೆಗೆ, ನಲವತ್ತೇಳು ವರ್ಷ ಇದ್ದ. ಅದೇ ಕಟ್ಟಡದ ಕೆಳಗೆ ಒಂದು ಮಾಂಸದಂಗಡಿ ಇತ್ತಂತೆ. ತಮಾಷೆಯೆಂದರೆ ಅಂಗಡಿಯವನ ಹೆಸರೂ ಸಿಗ್ಮಂಡ್. ಮೆಟ್ಟಿಲು ಹತ್ತುವಾಗ ನನಗೆ ಅನಿಸಿದ್ದು, ಇದೇ ಕಲ್ಲಿನ ಮೆಟ್ಟಿಲನ್ನು ಎಷ್ಟು ಜನ ಮೇಲೆ ಹೋಗಲೋ ಹಿಂದಕ್ಕೆ ಹೋಗಲೋ ಎಂದು ಅನುಮಾನಿಸುತ್ತಾ ಹತ್ತಿರಬಹುದು ಎಂದು. ಮನೋವೈದ್ಯರ ಬಾಗಿಲಿಗೆ ಹೋಗುವುದು ಇವತ್ತಿಗೂ ನಮ್ಮವರಲ್ಲಿ ಅಷ್ಟು ಸುಲಭವಲ್ಲ.

ಫ್ರಾಯ್ಡ್ ಎಂದರೆ ಎಲ್ಲರಿಗೂ ನೆನಪಾಗುವುದು ರೋಗಿ ಮಲಗುತ್ತಿದ್ದ ಆ ಮಂಚ. ಅದನ್ನು ನೋಡಲೆಂದೇ ವಿಯೆನ್ನಾಕ್ಕೆ ಬರುವವರಿಗೆ ನಿರಾಸೆ ಕಾದಿರುತ್ತದೆ. ಮಂಚ ಇಲ್ಲಿಲ್ಲ. 1938ರ ಮಾರ್ಚಿನಲ್ಲಿ ನಾಜಿಗಳು ಆಸ್ಟ್ರಿಯವನ್ನು ನುಂಗಿದರು. ಮಗಳು ಆನಾಳನ್ನು ಗೆಸ್ಟಾಪೊ ಒಂದು ದಿನ ವಿಚಾರಣೆಗೆ ಎಳೆದೊಯ್ದಿತು. ಆ ಮೇಲೆ, ಊರು ಬಿಡುವುದಿಲ್ಲ ಎಂದು ಹಟ ಹಿಡಿದಿದ್ದ ಮುದುಕ ಒಪ್ಪಿದ. ಗೆಳೆಯರು ಓಡಾಡಿ, ದೇಶ ಬಿಡುವವರ ಮೇಲಿನ ತೆರಿಗೆ ಕಟ್ಟಿ, ಜೂನ್ 4ರಂದು ರೈಲು ಹತ್ತಿಸಿದರು. ಆಗ ಅವನಿಗೆ 82 ವರ್ಷ, ದವಡೆಯಲ್ಲಿ ಹದಿನೈದು ವರ್ಷದಿಂದ ಕ್ಯಾನ್ಸರ್. ಮಂಚ, ಪುಸ್ತಕ, ಪುರಾತನ ವಿಗ್ರಹಗಳ ಸಂಗ್ರಹ ಎಲ್ಲ ಲಂಡನ್ನಿಗೆ ಹೋದವು. ಮುಂದಿನ ವರ್ಷ ಸೆಪ್ಟೆಂಬರಿನಲ್ಲಿ ಅಲ್ಲೇ ತೀರಿಕೊಂಡ. ನಾಲ್ವರು ತಂಗಿಯರು ವಿಯೆನ್ನಾದಲ್ಲೇ ಉಳಿದಿದ್ದರು. ನಾಲ್ವರೂ ನಾಜಿಗಳ ಕೈಯಲ್ಲಿ ಸತ್ತರು.

2020ರಲ್ಲಿ ಈ ಮ್ಯೂಸಿಯಂ ಅನ್ನು ನವೀಕರಿಸಿ ಮತ್ತೆ ತೆರೆದಾಗ, ಮಂಚದ ನಕಲೊಂದನ್ನು ಮಾಡಿಸಿ ಇಡಬಹುದಿತ್ತು. ಇಡಲಿಲ್ಲ. ರೋಗಿಗಳು ಕಾಯುತ್ತಿದ್ದ ಕೋಣೆಗೆ ಮಾತ್ರ ಆನಾ ಫ್ರಾಯ್ಡ್ ಹಿಂದಿರುಗಿಸಿದ ಕುರ್ಚಿ ಮೇಜುಗಳಿವೆ. ಒಳಗಿನ ಕೋಣೆ ಖಾಲಿ. ಒಳ್ಳೆಯ ನಿರ್ಧಾರವೆಂದು ನನಗನ್ನಿಸಿತು.

ಆ ಖಾಲಿ ಕೋಣೆಯಲ್ಲಿ ನಡೆದದ್ದಾದರೂ ಏನು? ಒಬ್ಬ ನರರೋಗ ತಜ್ಞ ರೋಗಿಯನ್ನು ಮಲಗಿಸಿ, ತಾನು ಅವರ ತಲೆಯ ಹಿಂದೆ ಕುರ್ಚಿ ಹಾಕಿಕೊಂಡು, ಮನಸ್ಸಿಗೆ ಬಂದದ್ದೆಲ್ಲ ಹೇಳಿ ಎಂದು ಸುಮ್ಮನೆ ಕೂತ. ಹಿಂದೆ ಕೂತದ್ದಕ್ಕೆ ಅವನೇ ಒಂದು ಕಾರಣ ಕೊಟ್ಟಿದ್ದಾನೆ: ದಿನಕ್ಕೆ ಎಂಟು ಗಂಟೆ ಜನ ತನ್ನ ಮುಖವನ್ನೇ ದಿಟ್ಟಿಸುವುದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲವಂತೆ. ಹೊರರೋಗಿ ವಿಭಾಗದಲ್ಲಿ ಕೂತ ಯಾವ ವೈದ್ಯನಿಗಾದರೂ ಇದು ಅರ್ಥವಾದೀತು.

ಮಾತಿನಿಂದ ಕಾಯಿಲೆ ಗುಣವಾಗುತ್ತದೆಂದು ಮೊದಲು ಕಂಡುಕೊಂಡದ್ದು ಮಾತ್ರ ಫ್ರಾಯ್ಡ್ ಅಲ್ಲ, ಅವನ ಹಿರಿಯ ಮಿತ್ರ ಬ್ರಾಯರ್ ಕೂಡ ಅಲ್ಲ, ಬ್ರಾಯರನ ರೋಗಿ. 1880ರಲ್ಲಿ ತಂದೆಯ ಶುಶ್ರೂಷೆ ಮಾಡುತ್ತಾ ಮಾಡುತ್ತಾ ಕಾಯಿಲೆ ಬಿದ್ದ ಬೆರ್ಥಾ ಪಾಪನ್‌ಹೈಮ್ ಎಂಬ ತರುಣಿ. ಪುಸ್ತಕಗಳಲ್ಲಿ ಆಕೆಯ ಹೆಸರು ಆನಾ ಓ. ಕೈ ಸ್ವಾಧೀನವಿಲ್ಲ, ಕಣ್ಣು ಮಂಜು, ಇದ್ದಕ್ಕಿದ್ದಂತೆ ಮಾತೃಭಾಷೆ ಜರ್ಮನ್ ಮರೆತುಹೋಗಿ ಬರೀ ಇಂಗ್ಲಿಷಿನಲ್ಲಿ ಮಾತು. (ನಮ್ಮ ಮಕ್ಕಳಿಗೂ ಹಾಗೇ ಆಗಿದೆ, ಆದರೆ ಅದು ಕಾಯಿಲೆಯಲ್ಲ ಎಂದು ಶ್ರೀಮತಿಯ ಟಿಪ್ಪಣಿ.) ಸಂಜೆ ಹೊತ್ತು ಬ್ರಾಯರ್ ಬಂದು ಕೂತು, ಆಕೆ ಹೇಳುವುದನ್ನೆಲ್ಲ ಕೇಳಿಸಿಕೊಂಡರೆ ಅಷ್ಟು ಹೊತ್ತು ಹಗುರ. ಇದಕ್ಕೆ ಆಕೆಯೇ ಇಂಗ್ಲಿಷಿನಲ್ಲಿ 'ಟಾಕಿಂಗ್ ಕ್ಯೂರ್' ಎಂದು ಹೆಸರಿಟ್ಟಳು. ಆ ಚಿಕಿತ್ಸೆಯಿಂದಲೇ ಆಕೆ ಪೂರ್ತಿ ಗುಣವಾಗಲಿಲ್ಲ, ಮುಂದೆ ಕೆಲವು ವರ್ಷ ಆಸ್ಪತ್ರೆ ಸುತ್ತಿದಳು ಎಂಬುದನ್ನು ಬ್ರಾಯರ್ ಬರೆಯಲಿಲ್ಲ. ಆಮೇಲೆ ಚೇತರಿಸಿಕೊಂಡು ಜರ್ಮನಿಯಲ್ಲಿ ಅನಾಥ ಹೆಣ್ಣುಮಕ್ಕಳಿಗಾಗಿ ದೊಡ್ಡ ಕೆಲಸ ಮಾಡಿದಳು. ಈಗ ನಮ್ಮ ಇಂಗ್ಲೆಂಡಿನ ಎನ್.ಎಚ್.ಎಸ್.ನ ಮಾನಸಿಕ ಆರೋಗ್ಯ ಸೇವೆಗೆ 'ಟಾಕಿಂಗ್ ಥೆರಪೀಸ್' ಎಂದೇ ಹೆಸರು. ಆ ಭಿತ್ತಿಪತ್ರದ ಕೆಳಗೆ ವರ್ಷಗಟ್ಟಲೆ ಕೂತು ಕೆಲಸ ಮಾಡಿದ ನನಗೆ, ಅದು ಒಬ್ಬ ರೋಗಿ ಕೊಟ್ಟ ಹೆಸರಿನ ಮೊಮ್ಮಗು ಎಂದು ಗೊತ್ತಿರಲಿಲ್ಲ.

ಆ ಖಾಲಿ ಕೋಣೆಯ ಕಿಟಕಿಯ ಬಳಿ ನಿಂತಾಗ ನನಗೆ ನೆನಪಾದದ್ದು ನಮ್ಮ ಅಮ್ಮ.

ನಾನು ಇಂಗ್ಲೆಂಡಿಗೆ ಬಂದದ್ದು 1999ರಲ್ಲಿ. 2004ರಲ್ಲಿ ಅಪ್ಪ ಹೋದರು. ಹಾಸನದ ಹತ್ತಿರದ ನಮ್ಮೂರ ಮನೆಯಲ್ಲಿ ಅಮ್ಮ ಒಬ್ಬರೇ. ಮರುವರ್ಷ ಇಲ್ಲಿಗೆ ಕರೆಸಿಕೊಂಡೆ. ಚಳಿಗೆ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಮೂರು ತಿಂಗಳಿಗೇ "ನನ್ನ ಕಳಿಸಿಬಿಡಪ್ಪ, ಮನೆ ಬಾಗಿಲಿಗೆ ಸಾರಿಸೋರಿಲ್ಲ" ಎಂದು ಹೊರಟುಬಿಟ್ಟರು. ಆಮೇಲೆ ಪ್ರತಿ ಭಾನುವಾರ ಫೋನು. ಪಾದ ಉರಿ, ಎದೆ ಭಾರ, ಹೊಟ್ಟೆ ಉಬ್ಬರ, ರಾತ್ರಿ ನಿದ್ದೆ ಇಲ್ಲ. ನಾನು ಸಾವಿರಾರು ಮೈಲಿ ದೂರದಿಂದ ಒಂದೊಂದಕ್ಕೂ ಒಂದೊಂದು ಪರೀಕ್ಷೆ ಹೇಳುತ್ತಿದ್ದೆ. ಊರಿನ ಹಳೇ ಡಾಕ್ಟರೊಬ್ಬರು ಒಂದು ದಿನ ಫೋನಿನಲ್ಲಿ ಸಿಕ್ಕಿ, "ನಿಮ್ಮ ತಾಯಿಯವರು ವಾರಕ್ಕೆರಡು ಸಲ ಬಂದು ಕೂತು ಮಾತಾಡ್ಕೊಂಡು ಹೋಗ್ತಾರೆ ಡಾಕ್ಟ್ರೇ. ಅವತ್ತು ಚೆನ್ನಾಗಿರ್ತಾರೆ. ಅದಕ್ಕಿಂತ ಹೆಚ್ಚಿಗೆ ಔಷಧಿ ನನ್ನ ಹತ್ರ ಇಲ್ಲ" ಎಂದರು. ನನಗೆ ಸಿಟ್ಟು ಬಂತು. ಒಂದು ಇ.ಸಿ.ಜಿ. ಕೂಡ ಮಾಡಿಲ್ಲವಲ್ಲ ಈ ಮನುಷ್ಯ ಎಂದುಕೊಂಡು, ಅಮ್ಮನನ್ನು ಬೆಂಗಳೂರಿಗೆ ಕರೆಸಿ, ತಲೆಯಿಂದ ಕಾಲಿನವರೆಗೆ ತಪಾಸಣೆ ಮಾಡಿಸಿದೆ. ಎಲ್ಲ ನಾರ್ಮಲ್. ಫೋನಿನಲ್ಲಿ ಗೆದ್ದವನ ಹಾಗೆ ಹೇಳಿದೆ: "ಅಮ್ಮಾ, ನಿನಗೆ ಏನೂ ಇಲ್ಲ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ "ಏನೂ ಇಲ್ವಾ. ಸರಿ ಬಿಡಪ್ಪ" ಎಂದರು.

ಅಂದಿನಿಂದ ಅಮ್ಮ ನನ್ನ ಹತ್ತಿರ ಯಾವ ನೋವನ್ನೂ ಹೇಳಲಿಲ್ಲ. ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ, ಅಲ್ಲಿ ಚಳಿಯೇ, ಅಷ್ಟೇ. ನಾನು ಗುಣವಾಗಿದ್ದಾರೆ ಎಂದುಕೊಂಡೆ. 2010ರಲ್ಲಿ ನ್ಯುಮೋನಿಯ ಆಗಿ ಹೋದರು. ನಾನು ತಲುಪುವ ಹೊತ್ತಿಗೆ ಮುಗಿದಿತ್ತು.

ಇದನ್ನು ಅವತ್ತು ಶ್ರೀಮತಿಗೆ ಹೇಳಲಿಲ್ಲ. ಹೇಳುವುದು ಬೇಕಾಗಿಯೂ ಇರಲಿಲ್ಲ, ಅವಳಿಗೆ ಗೊತ್ತಿತ್ತು. "ಬನ್ನಿ, ಕಾಫಿ ಕುಡಿಯೋಣ" ಎಂದಳು.

ಹೋದದ್ದು ಲಾಂಟ್‌ಮನ್ ಎಂಬ ಹಳೆಯ ಕಾಫಿ ಹೌಸಿಗೆ. 1873ರಿಂದ ಇದೆ, ಫ್ರಾಯ್ಡ್ ಕೂಡ ಬರುತ್ತಿದ್ದ ಜಾಗ. ಬೆಳ್ಳಿ ಬಣ್ಣದ ತಟ್ಟೆಯಲ್ಲಿ ಕಾಫಿಯ ಜೊತೆ ಒಂದು ಲೋಟ ನೀರು ಇಟ್ಟುಕೊಡುತ್ತಾರೆ. ಆ ನೀರಿನ ಲೋಟ ನೋಡಿ ನಮ್ಮ ಮೈಸೂರಿನ ಹೋಟೆಲುಗಳು ನೆನಪಾದವು. ಕಾಫಿ ಮಾತ್ರ ನಮ್ಮದರ ಹತ್ತಿರಕ್ಕೂ ಬರಲಾರದು. "ಹಾಗಾದ್ರೆ ಮನಃಶಾಸ್ತ್ರ ಅಂದ್ರೆ ಈ ಫ್ರಾಯ್ಡ್ ಒಬ್ಬನೇನಾ?" ಎಂದು ಶ್ರೀಮತಿ ಕೇಳಿದಳು. ಬಹಳ ಜನ ಹಾಗೆಯೇ ಅಂದುಕೊಂಡಿರುತ್ತಾರೆ. ನನಗೆ ಗೊತ್ತಿದ್ದಷ್ಟು ಹೇಳಿದೆ.

ವಿದ್ಯೆಯಾಗಿ ಅದು ಶುರುವಾದದ್ದು ಇಲ್ಲಲ್ಲ, ಜರ್ಮನಿಯ ಲೈಪ್‌ಜಿಗ್‌ನಲ್ಲಿ. 1879ರಲ್ಲಿ ವಿಲ್ಹೆಲ್ಮ್ ವುಂಟ್ ಅಲ್ಲಿ ಪ್ರಯೋಗಶಾಲೆ ತೆರೆದ. ಗಂಟೆಯ ಸದ್ದು ಕೇಳಿದ ಎಷ್ಟು ಹೊತ್ತಿಗೆ ಮನುಷ್ಯ ಬೆರಳೆತ್ತುತ್ತಾನೆ, ಕೇಳುವಾಗ ಒಳಗೆ ಏನನಿಸುತ್ತದೆ ಎಂಬಂಥ ಅಳತೆಗಳು. ತತ್ವಶಾಸ್ತ್ರದ ಮನೆಯಿಂದ ಮನಃಶಾಸ್ತ್ರ ಬೇರೆ ಒಲೆ ಹೂಡಿದ್ದು ಆಗಲೇ. ಆಮೇಲೆ ಅಮೆರಿಕದ ವಾಟ್ಸನ್ ಬಂದು 1913ರಲ್ಲಿ, ಒಳಗೆ ಏನನಿಸುತ್ತದೆ ಎಂಬುದನ್ನು ಬಿಟ್ಟುಹಾಕಿ, ಹೊರಗೆ ಕಾಣುವ ನಡವಳಿಕೆಯನ್ನಷ್ಟೇ ಅಳೆಯೋಣ ಎಂದ. ಅದು ವರ್ತನಾವಾದ. ಅದಕ್ಕೆ ಬಲ ಕೊಟ್ಟದ್ದು ಗಂಟೆ ಕೇಳಿ ಜೊಲ್ಲು ಸುರಿಸಿದ ಪಾವ್ಲೋವನ ನಾಯಿಗಳು. ಪಾವ್ಲೋವನಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ ಎಂದು ನಾವು ಫಿಸಿಶಿಯನ್ನರು ಮರೆಯದೆ ಹೇಳಿಕೊಳ್ಳುತ್ತೇವೆ. ವರ್ತನಾವಾದ ಐವತ್ತು ವರ್ಷ ಅಮೆರಿಕವನ್ನು ಆಳಿತು. 1960ರ ದಶಕದಲ್ಲಿ ಫಿಲಡೆಲ್ಫಿಯಾದ ಆರನ್ ಬೆಕ್, ಫ್ರಾಯ್ಡ್ ಪಂಥದಲ್ಲೇ ಪಳಗಿದವನು, ಖಿನ್ನತೆಯ ಬಗ್ಗೆ ಗುರು ಹೇಳಿದ್ದನ್ನು ಪರೀಕ್ಷೆಗೆ ಹಚ್ಚಿದ. ಸರಿಹೋಗಲಿಲ್ಲ. ಖಿನ್ನರಾದವರು ತಮ್ಮ ಬಗ್ಗೆ ಮನಸ್ಸಿನಲ್ಲಿ ಹೇಳಿಕೊಳ್ಳುವ ಮಾತುಗಳನ್ನೇ ಹಿಡಿದು ತಿದ್ದುವ ಚಿಕಿತ್ಸೆ ಅವನಿಂದ ಬೆಳೆಯಿತು. ಇವತ್ತು ನಮ್ಮ ಆಸ್ಪತ್ರೆಗಳಲ್ಲಿ ಸಿ.ಬಿ.ಟಿ. ಎನ್ನುವುದು ಅದರ ಮಗು.

ಈ ಲೈಪ್‌ಜಿಗ್ ಗಾಳಿ ನಮ್ಮ ಕಡೆಗೂ ಬೀಸಿದ್ದನ್ನು ಹೇಳದಿದ್ದರೆ ತಪ್ಪಾದೀತು. ವುಂಟನ ಶಿಷ್ಯ ಸ್ಪಿಯರ್‌ಮನ್ ಲಂಡನ್ನಿನಲ್ಲಿ ಬುದ್ಧಿಶಕ್ತಿಯನ್ನು ಅಳೆಯುತ್ತಿದ್ದ. ಅವನ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದರು. ಅವರೇ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಶುರುಮಾಡಿದವರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆಲ್ಲ ಹೋದದ್ದು ಆ ಮನೆಯಿಂದ. ಮನಃಶಾಸ್ತ್ರದ ಪ್ರೊಫೆಸರರಿಗೆ ರೇಡಿಯೋ ಹುಚ್ಚು ಯಾಕೆ ಹಿಡಿಯಿತೋ ಎಂದು ನಾನು ಮೊದಲು ಅಂದುಕೊಳ್ಳುತ್ತಿದ್ದೆ.

ಮರುದಿನ ಡಾನ್ಯೂಬ್ ಕಾಲುವೆ ದಾಟಿ ಎರಡನೇ ಬಡಾವಣೆಗೆ ಹೋದೆವು. ಪ್ರಾಟರ್ ಉದ್ಯಾನದ ದೈತ್ಯ ತೊಟ್ಟಿಲುಚಕ್ರ ನೋಡಲು ಎಂದು ಶ್ರೀಮತಿಗೆ ಹೇಳಿದ್ದೆ. ಅದರ ಹತ್ತಿರದಲ್ಲೇ ಚೆರ್ನಿನ್‌ಗಾಸೆ ಎಂಬ ಚಿಕ್ಕ ಬೀದಿ. 7ನೇ ನಂಬರಿನಲ್ಲಿ ಒಂದು ಕಾಲಕ್ಕೆ ಆಲ್‌ಫ್ರೆಡ್ ಆಡ್ಲರ್ ವೈದ್ಯವೃತ್ತಿ ನಡೆಸುತ್ತಿದ್ದ. 1902ರಲ್ಲಿ ಫ್ರಾಯ್ಡ್ ಮನೆಯಲ್ಲಿ ಬುಧವಾರದ ಸಂಜೆ ಕೂಡುತ್ತಿದ್ದ ಮೊದಲ ನಾಲ್ಕೈದು ಜನರಲ್ಲಿ ಇವನೂ ಒಬ್ಬ. 1911ರಲ್ಲಿ ಜಗಳವಾಡಿ ಹೊರಬಂದ. ಕಾಮವೇ ಎಲ್ಲದರ ಬೇರು ಎಂಬುದನ್ನು ಅವನು ಒಪ್ಪಲಿಲ್ಲ. ತಾನು ಇತರರಿಗಿಂತ ಕಡಿಮೆ ಎಂಬ ಭಾವನೆ ಮತ್ತು ಅದನ್ನು ಮೀರುವ ಹಟವೇ ಮನುಷ್ಯನನ್ನು ನಡೆಸುತ್ತದೆ ಎಂದ. ಈಗ ನಾವು ಕನ್ನಡದಲ್ಲಿ ಸಲೀಸಾಗಿ 'ಅವನಿಗೆ ಕೀಳರಿಮೆ' ಎನ್ನುತ್ತೇವಲ್ಲ, ಆ ಮಾತಿನ ಮೂಲಪುರುಷ. ಮಂಚ ತೆಗೆದುಹಾಕಿ, ರೋಗಿಯ ಎದುರು ಸಮನಾದ ಕುರ್ಚಿ ಹಾಕಿಕೊಂಡ. ಮೊದಲ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ಮಕ್ಕಳಿಗೂ ತಂದೆತಾಯಿಗಳಿಗೂ ಮೇಷ್ಟರುಗಳಿಗೂ ಸಲಹಾ ಕೇಂದ್ರಗಳನ್ನು ತೆರೆದ. ಅಲ್ಲಿ ತರುಣ ಕಾರ್ಲ್ ಪಾಪರ್ ಕೆಲಸ ಮಾಡುತ್ತಿದ್ದ. ಒಮ್ಮೆ ಆಡ್ಲರನಿಗೆ ಒಂದು ಮಗುವಿನ ವಿಚಾರ ಹೇಳಿದಾಗ, ಆಡ್ಲರ್ ಮಗುವನ್ನು ನೋಡದೆಯೇ ಕೀಳರಿಮೆಯ ಲೆಕ್ಕದಲ್ಲಿ ವಿವರಿಸಿಬಿಟ್ಟನಂತೆ. ಹೇಗೆ ಇಷ್ಟು ಖಾತ್ರಿ ಎಂದರೆ, ಸಾವಿರ ಮಕ್ಕಳನ್ನು ನೋಡಿದ ಅನುಭವ ಎಂದನಂತೆ. ಈಗ ಸಾವಿರದ ಒಂದಾಯಿತು ಎಂದು ಪಾಪರ್ ಅಂದುಬಿಟ್ಟ. ಮುಂದೆ ತತ್ವಜ್ಞಾನಿಯಾಗಿ, ಫ್ರಾಯ್ಡ್ ಆಡ್ಲರ್ ಇಬ್ಬರದೂ ಎಂದೂ ತಪ್ಪೆಂದು ತೋರಿಸಲಾಗದ ಸಿದ್ಧಾಂತ, ಆದ್ದರಿಂದ ವಿಜ್ಞಾನವಲ್ಲ ಎಂದು ಬರೆದ. ಪಾಪರ್ ಹೇಳಿದ್ದು ಸರಿ ಎಂದೇ ನನಗನಿಸುತ್ತದೆ. ಆದರೆ ಇ.ಸಿ.ಜಿ. ನಾರ್ಮಲ್ ಇದೆ, ಆದ್ದರಿಂದ ನೋವಿಲ್ಲ ಎಂದ ನಾನು ಯಾವ ವಿಜ್ಞಾನಿ?

ಆಡ್ಲರನೂ ಕೊನೆಗೆ ವಲಸಿಗನೇ. 1937ರಲ್ಲಿ ಭಾಷಣ ಪ್ರವಾಸದಲ್ಲಿದ್ದಾಗ ಸ್ಕಾಟ್ಲೆಂಡಿನ ಅಬರ್ಡೀನಿನ ಬೀದಿಯಲ್ಲಿ ಕುಸಿದು ಸತ್ತ. ಅಸ್ಥಿ ಎಲ್ಲಿದೆ ಎಂಬುದೇ ಮರೆತುಹೋಗಿ, 2007ರಲ್ಲಿ ಎಡಿನ್‌ಬರೋದ ಚಿತಾಗಾರದಲ್ಲಿ ಪತ್ತೆಯಾಯಿತು. 2011ರಲ್ಲಿ ವಿಯೆನ್ನಾದ ಮಣ್ಣಿಗೆ ಹೋಯಿತು.

ಮೂರನೇ ದಿನ ಬೆಳಗ್ಗೆ ರೈಲಿನಲ್ಲಿ ಊರಾಚೆಯ ಗ್ರಾಮಟ್‌ನಾಯ್‌ಸೀಡ್ಲ್‌ಗೆ ಹೋಗಿ ಬಂದೆವು. ಮಂಚವೂ ಇಲ್ಲದ, ಕುರ್ಚಿಯೂ ಇಲ್ಲದ ಮನಃಶಾಸ್ತ್ರ ನಡೆದ ಜಾಗ. ಅಲ್ಲಿ ಮರಿಯೆಂಟಾಲ್ ಎಂಬ ಬಟ್ಟೆ ಗಿರಣಿಯ ಕಾಲೋನಿ ಇತ್ತು. ಕಾರ್ಮಿಕರ ಮನೆಗಳ ಸಾಲು ಈಗಲೂ ಇದೆ. ಮಹಾ ಆರ್ಥಿಕ ಕುಸಿತದಲ್ಲಿ ಗಿರಣಿ ಮುಚ್ಚಿ, ಇಡೀ ಊರಿಗೆ ಊರೇ ಕೆಲಸ ಕಳೆದುಕೊಂಡಿತು. ವಿಯೆನ್ನಾದಿಂದ ಮರಿ ಯಹೋಡಾ, ಪೌಲ್ ಲಾಜಾರ್ಸ್‌ಫೆಲ್ಡ್, ಹಾನ್ಸ್ ತ್ಸೈಸೆಲ್ ಮತ್ತವರ ಗೆಳೆಯರು ಬಂದು 478 ಕುಟುಂಬಗಳ ದಿನಚರಿ ಬರೆದುಕೊಂಡರು. 1933ರಲ್ಲಿ ಪುಸ್ತಕವಾಯಿತು. ಅವರ ಒಂದು ನಿಯಮ ನನಗೆ ಬಹಳ ಹಿಡಿಸಿತು: ಸುಮ್ಮನೆ ನಿಂತು ನೋಡಲು ಯಾರೂ ಬರಬಾರದು, ಬಂದವರೆಲ್ಲ ಊರಿಗೆ ಒಂದು ಉಪಯೋಗ ಮಾಡಬೇಕು. ಒಬ್ಬರು ಬಟ್ಟೆ ಹಂಚಿದರು, ಒಬ್ಬರು ಹೊಲಿಗೆ ಪಾಠ ಹೇಳಿದರು, ವೈದ್ಯರು ಪುಕ್ಕಟೆ ಔಷಧಿ ಕೊಟ್ಟರು. ಅದರ ನಡುವೆ ಮಾತು. ಬಿಡುವು ಸಿಕ್ಕಿದ್ದರಿಂದ ಜನ ಹೆಚ್ಚು ಓದುತ್ತಾರೆ ಎಂದುಕೊಂಡರೆ, ಲೈಬ್ರರಿಯಿಂದ ಪುಸ್ತಕ ಒಯ್ಯುವುದೇ ಕಡಿಮೆಯಾಗಿತ್ತು. ಬೀದಿಯಲ್ಲಿ ಗಡಿಯಾರ ಹಿಡಿದು ನೋಡಿದರೆ ಗಂಡಸರ ನಡಿಗೆ ನಿಧಾನವಾಗಿತ್ತು, ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಮನೆಗೆಲಸವಿದ್ದ ಹೆಂಗಸರು ಬಿರುಸಾಗಿ ನಡೆಯುತ್ತಿದ್ದರು. ಕೆಲಸ ಹೋದವರು ದಂಗೆ ಏಳುತ್ತಾರೆ ಎಂದು ರಾಜಕಾರಣಿಗಳು ನಂಬಿದ್ದರು. ಇವರು ಕಂಡದ್ದು ಬರೀ ಸೋತು ಕೂತದ್ದನ್ನು.

2008ರ ಕುಸಿತದಲ್ಲಿ ನಮ್ಮೂರಿನ ಕನ್ನಡದವರೇ ಒಬ್ಬರು, ಹೆಸರು ಬೇಡ, ಕೆಲಸ ಹೋದ ಮೇಲೆ ಎರಡು ತಿಂಗಳು ದಿನಾ ಟೈ ಕಟ್ಟಿಕೊಂಡು ಬುತ್ತಿ ಹಿಡಿದು ಹೊರಟು ಪಾರ್ಕಿನಲ್ಲಿ ಕೂತು ಬರುತ್ತಿದ್ದರು. ಆ ವರ್ಷದ ಯುಗಾದಿ ಕಾರ್ಯಕ್ರಮಕ್ಕೆ ಬಂದು ಕೋಸಂಬರಿ ಕೂಡ ಬಡಿಸಿದ್ದರು. ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಮತ್ತೆ ಒಂಬತ್ತನೇ ಬಡಾವಣೆಗೆ ಬಂದು ಮರಿಯಾನೆನ್‌ಗಾಸೆಯ 1ನೇ ನಂಬರಿಗೆ ಹೋದೆವು. ವಿಕ್ಟರ್ ಫ್ರಾಂಕಲ್ 1945ರಿಂದ 1997ರಲ್ಲಿ ತೀರಿಕೊಳ್ಳುವವರೆಗೆ ಇದ್ದ ಮನೆ. 2015ರಿಂದ ಪಕ್ಕದಲ್ಲೇ ಒಂದು ಚಿಕ್ಕ ಮ್ಯೂಸಿಯಂ. ಈತ ಹುಟ್ಟಿದ್ದು ನಿನ್ನೆ ನೋಡಿದ ಅದೇ ಚೆರ್ನಿನ್‌ಗಾಸೆಯಲ್ಲಿ, 6ನೇ ನಂಬರಿನಲ್ಲಿ, ಆಡ್ಲರ್ ಇದ್ದ ಮನೆಯ ಎದುರಿಗೆ. ಹುಡುಗನಾಗಿದ್ದಾಗ ಫ್ರಾಯ್ಡ್‌ಗೆ ಪತ್ರ ಬರೆಯುತ್ತಿದ್ದ, ಆಮೇಲೆ ಆಡ್ಲರನ ಗುಂಪು ಸೇರಿ ಅಲ್ಲಿಂದಲೂ ಹೊರಬಿದ್ದ. ಸುಖವೂ ಅಲ್ಲ, ಹಿರಿಮೆಯೂ ಅಲ್ಲ, ಬದುಕಿಗೊಂದು ಅರ್ಥ ಬೇಕೆಂಬ ಹಸಿವೇ ಮುಖ್ಯ ಎಂದ. ಇದನ್ನು ವಿಯೆನ್ನಾದ ಮೂರನೆಯ ಪಂಥ ಎನ್ನುತ್ತಾರೆ.

ಪಂಥದ ಮಾತಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ವೀಸಾದ ಕಥೆ. ನಾಜಿಗಳು ಯಹೂದ್ಯರನ್ನು ಸಾಗಿಸಲು ಶುರುಮಾಡಿದ್ದ ಹೊತ್ತಿನಲ್ಲಿ, ಯಹೂದ್ಯ ಆಸ್ಪತ್ರೆಯಲ್ಲಿ ನರರೋಗ ವೈದ್ಯನಾಗಿದ್ದ ಫ್ರಾಂಕಲ್‌ಗೆ ಅಮೆರಿಕದ ವೀಸಾ ಮಂಜೂರಾಯಿತು. ಅವನೊಬ್ಬನಿಗೆ ಮಾತ್ರ. ವಯಸ್ಸಾದ ತಂದೆತಾಯಿಗೆ ಇಲ್ಲ. ಹೋಗಲೋ ಇರಲೋ ಎಂದು ತಿಳಿಯದೆ ಮನೆಗೆ ಬಂದಾಗ ಮೇಜಿನ ಮೇಲೆ ಅಮೃತಶಿಲೆಯ ಒಂದು ಚೂರು. ನಾಜಿಗಳು ಸುಟ್ಟ ಪ್ರಾರ್ಥನಾ ಮಂದಿರದ ಅವಶೇಷದಿಂದ ತಂದೆ ಎತ್ತಿಕೊಂಡು ಬಂದದ್ದು. ಅದರ ಮೇಲಿದ್ದ ಒಂದೇ ಹೀಬ್ರೂ ಅಕ್ಷರ, ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆಗೆ ಸೇರಿದ್ದು ಎಂದು ತಂದೆ ಹೇಳಿದರು. ಫ್ರಾಂಕಲ್ ವೀಸಾವನ್ನು ಬಿಟ್ಟುಕೊಟ್ಟ.

1942ರ ಸೆಪ್ಟೆಂಬರಿನಲ್ಲಿ ಎಲ್ಲರನ್ನೂ ಥೆರೇಸಿಯನ್‌ಸ್ಟಾಟ್ ಶಿಬಿರಕ್ಕೆ ಒಯ್ದರು. ಮರುವರ್ಷ ತಂದೆ ಅಲ್ಲಿ ಕಾಯಿಲೆಯಿಂದ ಸಾಯುವಾಗ ಮಗ ಪಕ್ಕದಲ್ಲಿದ್ದ. ಹೇಗೋ ಒಳಗೆ ತಂದಿದ್ದ ಮಾರ್ಫಿನ್ ಕೊಟ್ಟು ಉಸಿರಾಟದ ಸಂಕಟ ಇಳಿಸಿದ. 1944ರಲ್ಲಿ ಅವನನ್ನು ಆಷ್‌ವಿಟ್ಸ್‌ಗೆ ಕಳಿಸುವಾಗ ತಾಯಿಯ ಆಶೀರ್ವಾದ ಬೇಡಿಕೊಂಡು ಹೊರಟ. ಕೆಲವೇ ದಿನಗಳಲ್ಲಿ ತಾಯಿಯನ್ನೂ ಅಲ್ಲಿಗೇ ಕಳಿಸಿ ಕೊಂದರು. ಅಣ್ಣನೂ ಹೋದ, ಹೆಂಡತಿಯೂ ಹೋದಳು. ಬದುಕುಳಿದು ವಿಯೆನ್ನಾಕ್ಕೆ ಮರಳಿದವನು ಒಂಬತ್ತು ದಿನಗಳಲ್ಲಿ ಹೇಳಿ ಬರೆಸಿದ ಶಿಬಿರದ ಅನುಭವ 1946ರಲ್ಲಿ ಪುಸ್ತಕವಾಯಿತು. ಇಂಗ್ಲಿಷಿನಲ್ಲಿ ಅದನ್ನು ನಮ್ಮ ಮಕ್ಕಳೂ ಓದಿದ್ದಾರೆ.

ನಮ್ಮ ವಲಸೆಯನ್ನು ಇದಕ್ಕೆ ಹೋಲಿಸುವುದು ಅಪಚಾರ. ನಮ್ಮನ್ನು ಯಾರೂ ಅಟ್ಟಲಿಲ್ಲ, ಅಪ್ಪ ಅಮ್ಮನೇ ಏರ್‌ಪೋರ್ಟಿಗೆ ಬಂದು ಕೈಬೀಸಿ ಕಳಿಸಿದರು. ಫ್ರಾಂಕಲ್ ಉಳಿದದ್ದರಿಂದ ಅವನ ತಂದೆತಾಯಿ ಉಳಿಯಲೂ ಇಲ್ಲ. ಇಷ್ಟೆಲ್ಲ ಗೊತ್ತಿದ್ದೂ, ಆ ವೀಸಾದ ವಿವರದ ಮುಂದೆ ನಿಂತು ನಾನು ಮುಂದಕ್ಕೆ ಹೋಗಲಾರದಾದೆ. ಶ್ರೀಮತಿ ಬಂದು ತೋಳು ಹಿಡಿದಳು. ಆಗ ಅಮ್ಮನಿಗೆ "ಏನೂ ಇಲ್ಲ" ಎಂದದ್ದನ್ನು ಬಾಯಿಬಿಟ್ಟು ಹೇಳಿದೆ. ಹದಿನೈದು ವರ್ಷಕ್ಕೂ ಮೇಲಾಗಿತ್ತು. "ಅತ್ತೆ ನನ್ನ ಹತ್ರ ಹೇಳ್ಕೋತಿದ್ರು ರೀ" ಎಂದಳು. "ನೀವು ಕ್ಲಿನಿಕ್ಕಿಗೆ ಹೋದ ಮೇಲೆ ಫೋನ್ ಮಾಡ್ತಿದ್ರು. ನಿಮಗೆ ಹೇಳ್ಬೇಡ ಅಂದಿದ್ರು, ಮತ್ತೆ ರಕ್ತ ತೆಗೆಸ್ತಾನೆ ಅಂತ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಆಯಿತು ಅನ್ನಿ.

ವಿಯೆನ್ನಾದಿಂದ ಬಂದ ಮೇಲೆ ಒಂದು ಕೆಲಸ ಬಾಕಿ ಉಳಿದಿತ್ತು. ಆ ಮಂಚ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಮೇರ್ಸ್‌ಫೀಲ್ಡ್ ಗಾರ್ಡನ್ಸ್‌ನ 20ನೇ ನಂಬರಿನ ಮನೆ ಈಗ ಮ್ಯೂಸಿಯಂ. ಹಿಂದೆ ಒಮ್ಮೆ ಮಕ್ಕಳ ಜೊತೆ ಅವಸರದಲ್ಲಿ ನೋಡಿದ್ದೆ. ನವೆಂಬರಿನ ಒಂದು ಶನಿವಾರ ಇಬ್ಬರೇ ಹೋದೆವು. ಪರ್ಷಿಯಾದ ಕಂಬಳಿ ಹೊದಿಸಿದ ಮಂಚ, ತಲೆಯ ಹಿಂದೆ ಹಸಿರು ಕುರ್ಚಿ, ಎಲ್ಲಿ ನೋಡಿದರೂ ಈಜಿಪ್ಟ್, ಗ್ರೀಸಿನ ವಿಗ್ರಹಗಳು. ಅವುಗಳ ಸಂಗ್ರಹಕ್ಕೆ ನಮ್ಮ ಒಬ್ಬ ದೇವರೂ ಸೇರಿದ್ದಾನೆ: ದಂತದ ವಿಷ್ಣು. ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ ಎಂಬ ವೈದ್ಯರು 1922ರಲ್ಲೇ ಮನೋವಿಶ್ಲೇಷಣೆಯ ಸಂಘ ಕಟ್ಟಿ ಫ್ರಾಯ್ಡ್ ಜೊತೆ ಪತ್ರದಲ್ಲಿ ವಾದ ಮಾಡುತ್ತಿದ್ದರು. 1931ರಲ್ಲಿ ಫ್ರಾಯ್ಡ್‌ನ 75ನೇ ಹುಟ್ಟುಹಬ್ಬಕ್ಕೆ ಅವರ ಸಂಘ ಕಳಿಸಿದ ಉಡುಗೊರೆ ಇದು. ಫ್ರಾಯ್ಡ್ ಅದನ್ನು ತನ್ನ ಮೇಜಿನ ಮೇಲೆ ಇಟ್ಟುಕೊಂಡಿದ್ದ. ಸ್ವಲ್ಪ ದಿನಕ್ಕೆ ದಂತದಲ್ಲಿ ಬಿರುಕು ಕಾಣಿಸಿಕೊಂಡಿತಂತೆ. ಕಲ್ಕತ್ತೆಗೆ ಒಗ್ಗಿದ ದೇವರಿಗೆ ವಿಯೆನ್ನಾದ ಹವೆ ತಡೆಯಲಾಗುತ್ತಿಲ್ಲವೇನೋ ಎಂದು ಬರೆದಿಟ್ಟುಕೊಂಡಿದ್ದಾನೆ.

ಇದನ್ನು ಓದಿ ಹೇಳಿದಾಗ ಶ್ರೀಮತಿ, "ಅತ್ತೆ ಹಿಮ್ಮಡಿ ಥರ" ಎಂದಳು.

ಆ ಮೂರು ತಿಂಗಳು ಪ್ರತಿ ರಾತ್ರಿ ಅಮ್ಮನ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾ, ಅವರು ಹೇಳುವುದನ್ನೆಲ್ಲ ಕೇಳುತ್ತಾ ಕೂತಿರುತ್ತಿದ್ದವಳು ಅವಳೇ. ನಾನು ಪಕ್ಕದ ಕೋಣೆಯಲ್ಲಿ ಜರ್ನಲ್ ಓದುತ್ತಿದ್ದೆ.